ಎಲ್‌ಇಡಿ ಬೆಳಕು ಕಣ್ಣಿಗೆ ಸಮವಾಗಿ ಏರಿ ಇಳಿಯಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್‌ಇಡಿಯನ್ನು ಮೆಲ್ಲಗೆ ಹೊತ್ತಿಸಿ ಮೆಲ್ಲಗೆ ಆರಿಸುವ ಪ್ರೋಗ್ರಾಂ ಬರೆದವರೆಲ್ಲ ಒಂದಲ್ಲ ಒಂದು ದಿನ ಇದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಲೆಕ್ಕ ಸರಿ ಇದೆ, ನೋಡೋಕೆ ಮಾತ್ರ ಸರಿ ಇಲ್ಲ. ನಾನೂ ಅಲ್ಲೇ ತುಂಬಾ ದಿನ ನಿಂತಿದ್ದೆ. ಆಗ ನನಗೆ ಬಂದ ಪ್ರಶ್ನೆಗಳು, ಆಮೇಲೆ ಬೇರೆಯವರು ಕೇಳಿದ ಪ್ರಶ್ನೆಗಳು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ.

ಎಲ್‌ಇಡಿಗೆ ಕೊಡುವ ಅಂಕಿಯನ್ನು ಸೊನ್ನೆಯಿಂದ 255ರವರೆಗೆ (ಅಂದರೆ ಪೂರ್ತಿ ಬೆಳಕಿನವರೆಗೆ) ಒಂದೊಂದೇ ಏರಿಸಿದ್ದೇನೆ. ಆದರೂ ದೀಪ ಮೊದಲೇ ಝಗ್ಗೆಂದು ಹೊತ್ತಿ, ಆಮೇಲೆ ಅಲ್ಲೇ ನಿಂತುಬಿಟ್ಟ ಹಾಗೆ ಕಾಣುತ್ತದೆ. ಯಾಕೆ?

ನಿಮ್ಮ ಕಣ್ಣು ಎಷ್ಟು ಜಾಸ್ತಿ ಆಯಿತು ಅಂತ ಲೆಕ್ಕ ಇಡುವುದಿಲ್ಲ. ಎಷ್ಟು ಪಟ್ಟು ಆಯಿತು ಅಂತ ಲೆಕ್ಕ ಇಡುತ್ತದೆ. ಇಡೀ ವಿಷಯ ಇಷ್ಟೇ, ಮಿಕ್ಕಿದ್ದೆಲ್ಲ ಇದರಿಂದಲೇ ಬರುತ್ತದೆ.

1ರಿಂದ 2ಕ್ಕೆ ಹೋದರೆ ಬೆಳಕು ಎರಡು ಪಟ್ಟು. 254ರಿಂದ 255ಕ್ಕೆ ಹೋದರೆ ಶೇಕಡ 0.4 ಮಾತ್ರ ಜಾಸ್ತಿ. ಪ್ರೋಗ್ರಾಂನಲ್ಲಿ ಎರಡೂ ಒಂದೇ ಅಳತೆಯ ಹೆಜ್ಜೆ. ಕಣ್ಣಿಗೆ ಮೊದಲನೆಯದು ಜಿಗಿತ, ಎರಡನೆಯದು ಗೊತ್ತೇ ಆಗುವುದಿಲ್ಲ.

ನಾಲ್ಕು ಸೆಕೆಂಡಿನಲ್ಲಿ ಸೊನ್ನೆಯಿಂದ ಪೂರ್ತಿಗೆ ಏರುವ ಫೇಡ್ ತೆಗೆದುಕೊಳ್ಳಿ. ಮೊದಲ ಸೆಕೆಂಡ್ ಮುಗಿದಾಗ ಡ್ಯೂಟಿ ಸೈಕಲ್, ಅಂದರೆ ಒಂದು ಸುತ್ತಿನಲ್ಲಿ ದೀಪ ಉರಿಯುವ ಹೊತ್ತಿನ ಪಾಲು, ಶೇಕಡ 25. ಆದರೆ ಕಣ್ಣಿನ ಅಳತೆಯಲ್ಲಿ (ಅದು ಯಾವ ಅಳತೆ ಅಂತ ಮುಂದೆ ಹೇಳುತ್ತೇನೆ) ಅಷ್ಟರಲ್ಲಿ 100ಕ್ಕೆ 57 ಆಗಿಹೋಗಿರುತ್ತದೆ. ಎರಡನೇ ಸೆಕೆಂಡಿಗೆ 76. ಮೂರನೆಯದಕ್ಕೆ 89. ಕೊನೆಯ ಒಂದು ಇಡೀ ಸೆಕೆಂಡಿಗೆ ಉಳಿಯುವುದು ಬರೀ 11. ನಿಂತುಬಿಟ್ಟ ಹಾಗೆ ಕಾಣದೆ ಇನ್ನೇನು? ಇಳಿಯುವಾಗ ಇದೇ ಉಲ್ಟಾ: ತುಂಬಾ ಹೊತ್ತು ಏನೂ ಆಗದೆ, ಕೊನೆಗೆ ದಡಕ್ಕನೆ ಬಿದ್ದು ಆರಿಹೋಗುತ್ತದೆ.

ಹಾಗಾದರೆ ತಪ್ಪು ಎಲ್‌ಇಡಿಯದ್ದಲ್ವಾ?

ಅಲ್ಲ. ಪಿಡಬ್ಲ್ಯೂಎಂನಲ್ಲಿ (ದೀಪವನ್ನು ಬೇಗ ಬೇಗ ಹೊತ್ತಿಸಿ ಆರಿಸಿ ಬೆಳಕು ಹೆಚ್ಚು ಕಡಿಮೆ ಮಾಡುವ ವಿಧಾನ) ಎಲ್‌ಇಡಿ ತುಂಬಾ ನಿಯತ್ತಿನ ವಸ್ತು. ಅರ್ಧ ಹೊತ್ತು ಉರಿಸಿದರೆ ಅರ್ಧ ಬೆಳಕು, ಕಾಲು ಹೊತ್ತು ಉರಿಸಿದರೆ ಕಾಲು ಬೆಳಕು. ಲಕ್ಸ್ ಮೀಟರ್ ಇಟ್ಟು ನೋಡಿದರೆ ಗೆರೆ ನೆಟ್ಟಗೆ ಬರುತ್ತದೆ. ಸೊಟ್ಟಗಿರುವುದು ನಮ್ಮ ಕಣ್ಣಿನ ಗೆರೆ.

ಕಣ್ಣು ಹೀಗಿರುವುದಕ್ಕೆ ಕಾರಣ ಇದೆ. ನಕ್ಷತ್ರದ ಬೆಳಕಿನಲ್ಲೂ ದಾರಿ ಕಾಣಬೇಕು, ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಕಾಣಬೇಕು. ಇಷ್ಟು ದೊಡ್ಡ ಅಂತರವನ್ನು ಕೂಡಿಸುವ ಲೆಕ್ಕದಲ್ಲಿ ಹಿಡಿಯೋಕೆ ಆಗುವುದಿಲ್ಲ, ಪಟ್ಟಿನ ಲೆಕ್ಕವೇ ಬೇಕು. ಇದು ಹೊಸ ವಿಷಯವೂ ಅಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಬಹಳ ಹಿಂದಿನಿಂದ ಆರು ದರ್ಜೆ ಮಾಡಿ ಇಟ್ಟಿದ್ದರು. 1856ರಲ್ಲಿ ನಾರ್ಮನ್ ಪಾಗ್ಸನ್ ಅದಕ್ಕೆ ಲೆಕ್ಕ ಕಟ್ಟಿದಾಗ ಐದು ದರ್ಜೆಯ ಅಂತರ ಅಂದರೆ 100 ಪಟ್ಟು ಅಂತ ಗೊತ್ತುಮಾಡಿದರು, ಅಂದರೆ ದರ್ಜೆಗೆ ಸುಮಾರು 2.5 ಪಟ್ಟು. ಆಕಾಶ ನೋಡಿ ‘ಇದು ಅದಕ್ಕಿಂತ ಒಂದು ಮೆಟ್ಟಿಲು ಮಂಕು’ ಅಂದವರು, ಗೊತ್ತಿಲ್ಲದೆಯೇ ಗುಣಾಕಾರ ಮಾಡುತ್ತಿದ್ದರು. ನನಗೆ ಇದು ಈಗಲೂ ತುಂಬಾ ಇಷ್ಟವಾದ ಸಂಗತಿ. 1860ರಲ್ಲಿ ಗುಸ್ತಾವ್ ಫೆಕ್ನರ್, ತಮಗಿಂತ ಮೊದಲಿನ ವೇಬರ್ ಅವರ ಕೆಲಸದ ಮೇಲೆ ಇದನ್ನೇ ನಿಯಮವಾಗಿ ಬರೆದರು.

ಸರಿ, ಯಾವ ಸೂತ್ರ ಹಾಕಲಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೌದು, ಮೂರು ಥರ ಸಿಗುತ್ತವೆ. ಮೂರೂ ಒಂದೇ ಕಡೆಗೆ ಎಳೆಯುತ್ತವೆ, ಎಳೆಯುವ ಜೋರು ಬೇರೆ ಬೇರೆ.

ಮೊದಲನೆಯದು ಗಾಮಾ. ಸೊನ್ನೆಯಿಂದ ಒಂದರವರೆಗಿನ ಮಟ್ಟವನ್ನು 2.2 ಘಾತಕ್ಕೆ ಏರಿಸುವುದು. ಅರ್ಧ ಕೇಳಿದರೆ ಶೇಕಡ 22 ಬೆಳಕು ಕೊಡುತ್ತದೆ. ಈ 2.2 ಅನ್ನುವ ಅಂಕಿ ಬಂದಿರುವುದು ಹಳೇ ಪಿಕ್ಚರ್ ಟ್ಯೂಬ್ ಟಿವಿಗಳಿಂದ. ಅದರ ಗುಣ ಕಣ್ಣಿನ ಗುಣಕ್ಕೆ ಹತ್ತಿರ ಇದ್ದದ್ದು ಒಂದು ಒಳ್ಳೆಯ ಕಾಕತಾಳೀಯ. ಎಲ್‌ಇಡಿ ಪಟ್ಟಿಗಳಿಗೆ 2.8 ಹಾಕುವವರೂ ಇದ್ದಾರೆ, ಅದರಲ್ಲಿ ಅರ್ಧಕ್ಕೆ ಶೇಕಡ 14 ಬರುತ್ತದೆ.

ಎರಡನೆಯದು ನೇರ ಗುಣಾಕಾರ, ಅಂದರೆ ಪ್ರತಿ ಹೆಜ್ಜೆಗೂ ಹಿಂದಿನದಕ್ಕಿಂತ ಇಂತಿಷ್ಟು ಶೇಕಡ ಜಾಸ್ತಿ. ಇದು ಸೊನ್ನೆಗೆ ಯಾವತ್ತೂ ಮುಟ್ಟುವುದಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ತುಂಬಾ ಕೆಳಗಿನ ಮಟ್ಟದಲ್ಲಿ ಬಹಳ ಹೊತ್ತು ಕಳೆಯುತ್ತದೆ.

ಮೂರನೆಯದು ಸಿಐಇ ಅನ್ನುವ ಅಂತರರಾಷ್ಟ್ರೀಯ ಬೆಳಕಿನ ಆಯೋಗ 1976ರಲ್ಲಿ ಕೊಟ್ಟ ಲೈಟ್‌ನೆಸ್ ಅಳತೆ. ಮೇಲೆ 57, 76 ಅಂದದ್ದು ಇದರದ್ದೇ ಅಂಕಿ. ನಾನು ಹಾಕುವುದು ಇದನ್ನೇ. ನಿಮಗೂ ಇದನ್ನೇ ಹೇಳುತ್ತೇನೆ.

ಲೆಕ್ಕ ಸುಲಭ. ಕಣ್ಣಿಗೆ ಎಷ್ಟು ಬೇಕು ಅನ್ನುವುದನ್ನು ಸೊನ್ನೆಯಿಂದ 100ರ ಒಳಗೆ ಇಟ್ಟುಕೊಳ್ಳಿ. ಅದು 8ಕ್ಕಿಂತ ಜಾಸ್ತಿ ಇದ್ದರೆ 16 ಕೂಡಿಸಿ, 116ರಿಂದ ಭಾಗಿಸಿ, ಬಂದದ್ದರ ಘನ ತೆಗೆಯಿರಿ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ 903.3ರಿಂದ ಭಾಗಿಸಿ. ಸಿಗುವುದು ಸೊನ್ನೆಯಿಂದ ಒಂದರ ನಡುವಿನ ನಿಜವಾದ ಬೆಳಕು, ಅದನ್ನು ಪಿಡಬ್ಲ್ಯೂಎಂನ ಗರಿಷ್ಠ ಅಂಕಿಯಿಂದ ಗುಣಿಸಿದರೆ ಮುಗಿಯಿತು. 50 ಹಾಕಿ ನೋಡಿ: 66 ಭಾಗ 116, ಅದರ ಘನ, ಸುಮಾರು 0.184. ಅಂದರೆ ಕಣ್ಣಿಗೆ ಅರ್ಧ ಅನ್ನಿಸಬೇಕಾದರೆ ಶೇಕಡ 18 ಬೆಳಕು ಸಾಕು.

ಆ 903.3ರ ನೇರ ತುಂಡು ಇದೆಯಲ್ಲ, ಅದೇ ಇದರ ಒಳ್ಳೆಯ ಗುಣ. ಗಾಮಾ ಕರ್ವ್ ಸೊನ್ನೆಯ ಹತ್ತಿರ ಪೂರ್ತಿ ಮಲಗಿಬಿಡುತ್ತದೆ. 8 ಬಿಟ್‌ನಲ್ಲಿ (ಸೊನ್ನೆಯಿಂದ 255ರವರೆಗಿನ ಅಂಕಿಯಲ್ಲಿ) ಗಾಮಾ 2.8 ಟೇಬಲ್, ಅಂದರೆ ಪ್ರತಿ ಮಟ್ಟಕ್ಕೂ ಕೊಡಬೇಕಾದ ಅಂಕಿ ಮೊದಲೇ ಬರೆದಿಟ್ಟ 256 ಮನೆಯ ಕೋಷ್ಟಕ, ಮಾಡಿದರೆ ಮೊದಲ 28 ಮನೆಗಳೂ ಸೊನ್ನೆ! ನಾಲ್ಕು ಸೆಕೆಂಡಿನ ಫೇಡ್‌ನಲ್ಲಿ ಸುಮಾರು 0.4 ಸೆಕೆಂಡ್ ಬರೀ ಕತ್ತಲು. 2.2 ಆದರೆ 15 ಮನೆ ಸೊನ್ನೆ. ಸಿಐಇ ಆದರೆ ಐದೇ ಮನೆ.

ಇದನ್ನು ನಂಬುವುದು ಹೇಗೆ? ಕಣ್ಣಾರೆ ನೋಡುವ ಪರೀಕ್ಷೆ ಏನಾದರೂ ಇದೆಯಾ?

ಇದೆ, ದಯವಿಟ್ಟು ಮಾಡಿ ನೋಡಿ. ಫೇಡ್ ನೋಡುತ್ತಾ ಕೂತರೆ ಕಣ್ಣು ಮೋಸ ಹೋಗುತ್ತದೆ, ಒಂದು ಕ್ಷಣದ ಹಿಂದಿನ ಬೆಳಕು ನೆನಪಿರುವುದಿಲ್ಲ. ಅದಕ್ಕೇ ನಿಲ್ಲಿಸಿ ನೋಡಬೇಕು.

ಒಂದೇ ಥರದ ಎಂಟು ಎಲ್‌ಇಡಿ ಸಾಲಾಗಿ ಇಡಿ. ಮೇಲೆ ಒಂದು ಬಿಳಿ ಹಾಳೆ, ಎಲ್‌ಇಡಿಗಳ ಮಧ್ಯೆ ರಟ್ಟಿನ ಚೂರು ನಿಲ್ಲಿಸಿ, ಬೆಳಕು ಪಕ್ಕದ ಮನೆಗೆ ಹಾರಬಾರದು. ಮೊದಲು ಅವಕ್ಕೆ 32, 64, 96 ಹೀಗೆ ಸಮ ಅಂತರದಲ್ಲಿ 255ರವರೆಗೆ ಕೊಡಿ. ಎಡಗಡೆಯ ಮೊದಲನೆಯದೇ ಸಾಕಷ್ಟು ಹೊಳೆಯುತ್ತಿರುತ್ತದೆ. ಅದರ ಅಳತೆ ಆಗಲೇ 42. ಬಲಗಡೆಯ ಮೂರು ನಾಲ್ಕರಲ್ಲಿ ಯಾವುದು ಜಾಸ್ತಿ ಯಾವುದು ಕಡಿಮೆ ಅಂತ ಹೇಳೋಕೆ ಹತ್ತಿರ ಹೋಗಿ ನೋಡಬೇಕು.

ಈಗ ಅಂಕಿ ಬದಲಾಯಿಸಿ: 4, 11, 25, 47, 79, 123, 181, 255. ಇವು ಸಿಐಇ ಅಳತೆಯಲ್ಲಿ ಎಂಟು ಸಮ ಮೆಟ್ಟಿಲು. ಹಾಳೆಯ ಮೇಲೆ ಕತ್ತಲಿನಿಂದ ಬೆಳಕಿಗೆ ಒಂದು ಚೆಂದದ ಮೆಟ್ಟಿಲಸಾಲು ಬರುತ್ತದೆ, ಎಲ್ಲೂ ಜಿಗಿತ ಇಲ್ಲ, ಎಲ್ಲೂ ಅಂಟಿಕೊಂಡಿಲ್ಲ. ನಾನು ಮೊದಲ ಸಲ ಇದನ್ನು ಮಾಡಿದಾಗ ಅಂಕಿಗಳ ಅಂತರ ಬರೆದು ನೋಡಿದೆ. 4, 7, 14, 22, 32, 44, 58, 74. ಸಮವಾಗಿ ಕಾಣಬೇಕಾದರೆ ಇಷ್ಟು ಅಸಮವಾಗಿ ಕೊಡಬೇಕು ಅಂತ ಅವತ್ತೇ ಮನಸ್ಸಿಗೆ ನಾಟಿದ್ದು.

ಟೇಬಲ್ ಹಾಕಿದೆ. ಮೇಲಿನ ಭಾಗ ತುಂಬಾ ಚೆನ್ನಾಗಿದೆ. ಕೆಳಗಡೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಎಗರುತ್ತದೆ. ಏನು ತಪ್ಪು ಮಾಡಿದೆ?

ನೀವು ತಪ್ಪು ಮಾಡಿಲ್ಲ, ನಿಮಗೆ ಬಿಟ್ ಸಾಲುತ್ತಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ, ಯಾಕೆಂದರೆ ಜನ ಸೂತ್ರ ಬದಲಾಯಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ. ತೊಂದರೆ ಸೂತ್ರದಲ್ಲಿ ಇರುವುದೇ ಇಲ್ಲ.

8 ಬಿಟ್ ಅಂದರೆ ಬೆಳಕಿನ ಅತಿ ಸಣ್ಣ ತುಣುಕು 255ರಲ್ಲಿ 1. ಕಣ್ಣಿನ ಅಳತೆಯಲ್ಲಿ ಅದು 3.5. ಆರಿದ ದೀಪ ಹೊತ್ತಿತು ಅನ್ನುವಷ್ಟರಲ್ಲಿ ಸೊನ್ನೆಯಿಂದ 3.5ಕ್ಕೆ ಹಾರಿರುತ್ತದೆ, ಆಮೇಲೆ 7.1, ಆಮೇಲೆ 10.4. ನಡುವೆ ನಿಲ್ಲೋಕೆ ಜಾಗವೇ ಇಲ್ಲ. 256 ಮನೆಯ ಸಿಐಇ ಟೇಬಲ್‌ನಲ್ಲಿ ಮೊದಲ 20 ಮನೆಗಳು 8 ಬಿಟ್‌ಗೆ ಇಳಿಸಿದರೆ ಸೊನ್ನೆ, ಒಂದು, ಎರಡು, ಈ ಮೂರೇ ಅಂಕಿಯಲ್ಲಿ ಮುಗಿಯುತ್ತವೆ. 10 ಬಿಟ್ ಆದರೆ ಸೊನ್ನೆಯಿಂದ 8ರವರೆಗೆ ಒಂಬತ್ತು ಅಂಕಿ ಸಿಗುತ್ತವೆ, ಪರವಾಗಿಲ್ಲ. 12 ಬಿಟ್‌ಗೆ ಬಂದಾಗ ಪ್ರತಿ ಮನೆಗೂ ತನ್ನದೇ ಬೇರೆ ಅಂಕಿ ಸಿಗುತ್ತದೆ, ಒಂದೂ ಮರುಕಳಿಸುವುದಿಲ್ಲ. ಅದಕ್ಕೇ ನಾನು 12 ಬಿಟ್‌ಗಿಂತ ಕೆಳಗೆ ಇಳಿಯುವುದಿಲ್ಲ. 255 ಹೆಜ್ಜೆಯ ಮಾಮೂಲಿ ಫೇಡ್‌ಗೆ ಅದು ಸಾಕು. ನಿಧಾನದ ಫೇಡ್‌ಗೆ ಇನ್ನೂ ಬೇಕು.

ಮೇಲ್ಗಡೆ ಎಷ್ಟು ಬಿಟ್ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ಕೆಲಸ ಇರುವುದು ಕೆಳಗಿನ ಹತ್ತನೇ ಒಂದು ಭಾಗದಲ್ಲಿ.

ನನ್ನ ಬೋರ್ಡ್‌ನಲ್ಲಿ ಅಷ್ಟು ಬಿಟ್ ಸಿಗುತ್ತದಾ?

ಬಹುಪಾಲು ಸಿಗುತ್ತದೆ, ಸುಮ್ನೆ ಮುಚ್ಚಿಟ್ಟುಕೊಂಡಿರುತ್ತದೆ. ಆರ್ಡುಯಿನೊ ಊನೊ ಬೋರ್ಡ್‌ನಲ್ಲಿ ಮಾಮೂಲಿ ಅನಲಾಗ್‌ರೈಟ್ ಫಂಕ್ಷನ್ ಕೊಡುವುದು 8 ಬಿಟ್. ಆದರೆ 9 ಮತ್ತು 10ನೇ ಪಿನ್‌ಗಳು ಟೈಮರ್ 1ಕ್ಕೆ ಸೇರಿದವು, ಅದು 16 ಬಿಟ್ ಟೈಮರ್. ಗಡಿಯಾರ 16 ಮೆಗಾಹರ್ಟ್ಸ್ ಆದ್ದರಿಂದ 12 ಬಿಟ್ ಇಟ್ಟರೆ ಸುಮಾರು 3900 ಹರ್ಟ್ಸ್ ಬರುತ್ತದೆ, 16 ಬಿಟ್ ಇಟ್ಟರೆ 244 ಹರ್ಟ್ಸ್. ಬಿಟ್ ಒಂದು ಜಾಸ್ತಿ ಮಾಡಿದರೆ ವೇಗ ಅರ್ಧ ಆಗುತ್ತದೆ, ಈ ಚೌಕಾಸಿ ಎಲ್ಲ ಬೋರ್ಡ್‌ನಲ್ಲೂ ಇದ್ದೇ ಇದೆ. ಇಎಸ್‌ಪಿ32ರಲ್ಲಿ 80 ಮೆಗಾಹರ್ಟ್ಸ್ ಗಡಿಯಾರದಿಂದ 13 ಬಿಟ್‌ನಲ್ಲಿ 5000 ಹರ್ಟ್ಸ್ ಆರಾಮಾಗಿ ಸಿಗುತ್ತದೆ. ಆರ್‌ಪಿ2040 ಚಿಪ್‌ನಲ್ಲಿ 125 ಮೆಗಾಹರ್ಟ್ಸ್ ಇರುವಾಗ 16 ಬಿಟ್ ಪೂರ್ತಿ ಬಳಸಿದರೂ ಸುಮಾರು 1900 ಹರ್ಟ್ಸ್. ತುಂಬಾ ಎಲ್‌ಇಡಿ ಇದ್ದರೆ ಪಿಸಿಎ9685 ಥರದ ಚಿಪ್ ಹಾಕಿ, 16 ಚಾನೆಲ್, ಪ್ರತಿಯೊಂದೂ 12 ಬಿಟ್.

ಒಂದು ಮಾತು. ಇಎಸ್‌ಪಿ32ರಲ್ಲಿ ಹಾರ್ಡ್‌ವೇರೇ ಫೇಡ್ ಮಾಡಿಕೊಡುವ ಸೌಲಭ್ಯ ಇದೆ. ಅದು ಡ್ಯೂಟಿಯನ್ನು ನೇರ ಗೆರೆಯಲ್ಲಿ ಏರಿಸುತ್ತದೆ, ಕಣ್ಣಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ಬಳಸುವುದಾದರೆ ಇಡೀ ಫೇಡನ್ನು ಹತ್ತೋ ಹದಿನಾರೋ ತುಂಡು ಮಾಡಿ, ಪ್ರತಿ ತುಂಡಿನ ಕೊನೆಯ ಅಂಕಿಯನ್ನು ಟೇಬಲ್‌ನಿಂದ ತೆಗೆದು ಕೊಡಿ.

ನನ್ನದು ಡಬ್ಲ್ಯೂಎಸ್2812 ಎಲ್‌ಇಡಿ ಪಟ್ಟಿ. ಅದು 8 ಬಿಟ್ ಅಷ್ಟೇ ಅಲ್ವಾ, ಏನು ಮಾಡಲಿ?

ಒಂದು ದಾರಿ ಡಿದರಿಂಗ್. 1ರ ಕಾಲು ಭಾಗ ಬೆಳಕು ಬೇಕಾದರೆ ನಾಲ್ಕು ಫ್ರೇಮ್‌ನಲ್ಲಿ ಒಂದು ಸಲ 1, ಮೂರು ಸಲ ಸೊನ್ನೆ ಕಳಿಸುವುದು. ಫ್ರೇಮ್ ಬೇಗ ಬೇಗ ಹೋಗುತ್ತಿದ್ದರೆ ಕಣ್ಣು ಅದನ್ನು ಬೆರೆಸಿಕೊಳ್ಳುತ್ತದೆ. ಫಾಸ್ಟ್‌ಎಲ್‌ಇಡಿ ಲೈಬ್ರರಿಯಲ್ಲಿ ಇದು ಒಳಗೇ ಇದೆ.

ಆದರೆ ಪಟ್ಟಿ ಉದ್ದ ಆದಷ್ಟೂ ಇದು ಕೈಕೊಡುತ್ತದೆ. ಒಂದು ಎಲ್‌ಇಡಿಗೆ 24 ಬಿಟ್, ಸೆಕೆಂಡಿಗೆ 8 ಲಕ್ಷ ಬಿಟ್ ವೇಗ, ಅಂದರೆ ಎಲ್‌ಇಡಿಗೆ 30 ಮೈಕ್ರೋಸೆಕೆಂಡ್. 100 ಎಲ್‌ಇಡಿಗೆ 3 ಮಿಲಿಸೆಕೆಂಡ್, ಸೆಕೆಂಡಿಗೆ 330 ಫ್ರೇಮ್ ಹತ್ತಿರ. ನಾಲ್ಕು ಫ್ರೇಮ್‌ನ ಸುತ್ತು ಸುಮಾರು 80 ಹರ್ಟ್ಸ್, ಕಣ್ಣಿಗೆ ಬೀಳುವುದು ಕಡಿಮೆ. 300 ಎಲ್‌ಇಡಿ ಆದರೆ ಅದೇ ಸುತ್ತು 27 ಹರ್ಟ್ಸ್‌ಗೆ ಇಳಿಯುತ್ತದೆ, ಆಗ ಮಿಣುಕುವುದು ಎದ್ದು ಕಾಣುತ್ತದೆ. ಉದ್ದದ ಪಟ್ಟಿ ಇದ್ದರೆ ತುಂಡು ಮಾಡಿ ಬೇರೆ ಬೇರೆ ಪಿನ್‌ನಿಂದ ನಡೆಸಿ. ಎಪಿಎ102 ಥರದ ಎಲ್‌ಇಡಿಯಲ್ಲಿ ಬಣ್ಣದ 8 ಬಿಟ್ ಅಲ್ಲದೆ ಇನ್ನೊಂದು 5 ಬಿಟ್‌ನ ಒಟ್ಟು ಬೆಳಕಿನ ಹಿಡಿತ ಇರುತ್ತದೆ, ಕೆಳಗಿನ ಮಟ್ಟಕ್ಕೆ ಅದು ತುಂಬಾ ಉಪಕಾರ.

ಟೈಮರ್‌ನ ರಿಜಿಸ್ಟರ್‌ಗೆ (ಚಿಪ್ ತನ್ನ ಅಂಕಿ ಇಟ್ಟುಕೊಳ್ಳುವ ಜಾಗ) ಸೊನ್ನೆ ಬರೆದರೂ ಎಲ್‌ಇಡಿ ಮಂಕಾಗಿ ಉರಿಯುತ್ತಲೇ ಇದೆ!

ಊನೊದ ಚಿಪ್‌ನಲ್ಲಿ ಫಾಸ್ಟ್ ಪಿಡಬ್ಲ್ಯೂಎಂ ಹಾಕಿದ್ದೀರಿ. ಅದರಲ್ಲಿ ಸೊನ್ನೆ ಅಂದರೂ ಸುತ್ತಿಗೊಮ್ಮೆ ಒಂದು ಗಡಿಯಾರದ ಮಿಡಿತದಷ್ಟು ಸಣ್ಣ ಮುಳ್ಳು ಹೊರಗೆ ಬರುತ್ತದೆ. ಕತ್ತಲಲ್ಲಿ ಅದು ಚೆನ್ನಾಗೇ ಕಾಣುತ್ತದೆ. ಅನಲಾಗ್‌ರೈಟ್ ಬಳಸುವಾಗ ಗೊತ್ತಾಗುವುದಿಲ್ಲ, ಸೊನ್ನೆ ಕೊಟ್ಟರೆ ಅದು ಪಿನ್ನನ್ನೇ ಕೆಳಗೆ ಎಳೆದುಬಿಡುತ್ತದೆ. ನೀವೇ ರಿಜಿಸ್ಟರ್‌ಗೆ ಬರೆಯುವಾಗ ಆ ಕೆಲಸವನ್ನೂ ನೀವೇ ಮಾಡಬೇಕು: ಸೊನ್ನೆ ಬಂದರೆ ಟೈಮರ್‌ನಿಂದ ಪಿನ್ ಬಿಡಿಸಿ ಲೋ ಮಾಡಿ.

ಉಲ್ಟಾ ತೊಂದರೆ: ಸಣ್ಣ ಅಂಕಿಗಳಿಗೆ ಎಲ್‌ಇಡಿ ಹೊತ್ತುವುದೇ ಇಲ್ಲ.

ನಡುವೆ ಮಾಸ್‌ಫೆಟ್ (ಸ್ವಿಚ್ ಥರ ಕೆಲಸ ಮಾಡುವ ಟ್ರಾನ್ಸಿಸ್ಟರ್) ಇದೆಯಾ? ಹಾಗಾದರೆ ಅದರ ಗೇಟ್ ರೆಸಿಸ್ಟರ್ ನೋಡಿ. 16 ಮೆಗಾಹರ್ಟ್ಸ್‌ನಲ್ಲಿ ಒಂದು ಅಂಕಿ ಅಂದರೆ 62.5 ನ್ಯಾನೋಸೆಕೆಂಡ್. ಗೇಟ್‌ನ ಕೆಪಾಸಿಟೆನ್ಸ್ 1 ನ್ಯಾನೋಫ್ಯಾರಡ್, ರೆಸಿಸ್ಟರ್ 1 ಕಿಲೋಓಮ್ ಅಂತಿಟ್ಟುಕೊಳ್ಳಿ, ಗೇಟ್ ತುಂಬೋಕೇ 1 ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಹೊತ್ತು ಬೇಕು. ಅಂದರೆ 16 ಅಂಕಿ. ಅದಕ್ಕಿಂತ ಸಣ್ಣ ಮಿಡಿತಕ್ಕೆ ಮಾಸ್‌ಫೆಟ್ ಸರಿಯಾಗಿ ತೆರೆಯುವುದೇ ಇಲ್ಲ. 10 ಬಿಟ್‌ನಲ್ಲಿ 16 ಅಂದರೆ ಶೇಕಡ 1.6 ಡ್ಯೂಟಿ ಮಾತ್ರ, ಆದರೆ ಕಣ್ಣಿನ ಅಳತೆಯಲ್ಲಿ 13! ಫೇಡ್‌ನ ಎಂಟನೇ ಒಂದು ಭಾಗ ಗೇಟ್‌ನಲ್ಲೇ ಸೋರಿಹೋಯಿತು. ನನ್ನ ಒಂದು ದೀಪದಲ್ಲಿ ಇದೇ ಆಗಿತ್ತು, ನಾನು ಎರಡು ದಿನ ಟೇಬಲ್‌ನಲ್ಲಿ ತಪ್ಪು ಹುಡುಕಿದೆ. ರೆಸಿಸ್ಟರ್ ತೆಗೆದು 100 ಓಮ್ ಹಾಕಿದ ತಕ್ಷಣ ಕೆಳಗಿನ ಮಟ್ಟಗಳೆಲ್ಲ ಎದ್ದು ಬಂದವು. ಅದೂ ಸಾಲದಿದ್ದರೆ ಗೇಟ್ ಡ್ರೈವರ್ ಹಾಕಿ, ಇಲ್ಲವೇ ಪಿಡಬ್ಲ್ಯೂಎಂ ವೇಗ ಇಳಿಸಿ.

ಬಣ್ಣದ ಎಲ್‌ಇಡಿ ಮಂದ ಮಾಡುತ್ತಾ ಹೋದರೆ ಕಿತ್ತಳೆ ಕೊನೆಗೆ ಕೆಂಪಾಗಿ ಆರುತ್ತದೆ. ಯಾಕೆ?

ಕೆಂಪು 255, ಹಸಿರು 60 ಇರುವ ಕಿತ್ತಳೆ ತೆಗೆದುಕೊಳ್ಳಿ. ಶೇಕಡ ಒಂದಕ್ಕೆ ಇಳಿಸಿದಾಗ ಕೆಂಪು 2.55, ಹಸಿರು 0.6. ದಶಾಂಶ ಕತ್ತರಿಸಿದರೆ ಕೆಂಪು 2, ಹಸಿರು ಸೊನ್ನೆ. ಕಿತ್ತಳೆ ಹೋಯಿತು. ಇದೂ ಬಿಟ್ ಕೊರತೆಯೇ, 12 ಬಿಟ್ ಇದ್ದರೆ ಇಷ್ಟು ಮೇಲೆ ಕೈಕೊಡುವುದಿಲ್ಲ. ಬೇರೆ ದಾರಿ ಇಲ್ಲದಿದ್ದರೆ ಬಣ್ಣ ಕೆಡುವ ಮಟ್ಟಕ್ಕಿಂತ ಸ್ವಲ್ಪ ಮೇಲೇ ಫೇಡ್ ನಿಲ್ಲಿಸಿ ಪೂರ್ತಿ ಆರಿಸಿಬಿಡಿ, ಕೆಂಪಾಗಿ ಸಾಯುವುದಕ್ಕಿಂತ ಅದೇ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಸಿಐಇ ಕರ್ವನ್ನು ಮೂರು ಬಣ್ಣಕ್ಕೂ ಬೇರೆ ಬೇರೆ ಹಾಕಿ ಇಳಿಸಿದರೆ ಬಣ್ಣಗಳ ಅನುಪಾತ ದಾರಿಯಲ್ಲಿ ಬದಲಾಗುತ್ತದೆ. ಗಾಮಾದಲ್ಲಿ ಹಾಗಾಗುವುದಿಲ್ಲ, ಘಾತದ ಗುಣವೇ ಅದು. ಸರಿಯಾದ ಕ್ರಮ ಹೀಗೆ: ಬಣ್ಣವನ್ನು ಒಮ್ಮೆ ನಿಜವಾದ ಬೆಳಕಿನ ಅಂಕಿಗೆ ತಂದಿಟ್ಟುಕೊಳ್ಳಿ. ಫೇಡ್‌ನ ಮಟ್ಟವನ್ನು ಮಾತ್ರ ಸಿಐಇ ಮೂಲಕ ದಾಟಿಸಿ, ಬರುವ ಒಂದೇ ಅಂಕಿಯಿಂದ ಮೂರನ್ನೂ ಗುಣಿಸಿ. ಆಗ ಬಣ್ಣ ಅಲ್ಲಾಡುವುದಿಲ್ಲ.

ತಿದ್ದುಪಡಿಯನ್ನು ಪ್ರೋಗ್ರಾಂನಲ್ಲಿ ಎಲ್ಲಿ ಹಾಕಬೇಕು?

ಒಂದೇ ಕಡೆ, ಪಿನ್‌ಗೆ ಬರೆಯುವ ಫಂಕ್ಷನ್ ಒಳಗೆ, ಕಟ್ಟಕಡೆಗೆ. ಅದಕ್ಕಿಂತ ಮೇಲಿನ ಎಲ್ಲ ಲೆಕ್ಕವೂ ಕಣ್ಣಿನ ಅಳತೆಯಲ್ಲೇ ನಡೆಯಲಿ. ‘ಅರ್ಧಕ್ಕೆ ಇಳಿಸು’ ಅಂದರೆ ಕಣ್ಣಿಗೆ ಅರ್ಧ. ಎರಡು ಕಡೆ ಹಾಕಿಬಿಟ್ಟರೆ (ಲೈಬ್ರರಿ ಒಂದು ಸಲ, ನೀವು ಒಂದು ಸಲ) ದೀಪ ತುಂಬಾ ಹೊತ್ತು ಕತ್ತಲಲ್ಲಿದ್ದು ಕೊನೆಗೆ ಏಕ್‌ದಂ ಮೇಲೆ ಹಾರುತ್ತದೆ. ಅಂಥದ್ದು ಕಂಡರೆ ಮೊದಲು ಲೈಬ್ರರಿ ಒಳಗೆ ಗಾಮಾ ಇದೆಯಾ ನೋಡಿ.

ಅಷ್ಟೊಂದು ಘನ, ಭಾಗಾಕಾರ ಮಾಡೋಕೆ ಸಣ್ಣ ಚಿಪ್‌ಗೆ ಆಗುತ್ತದಾ?

ಆಗುತ್ತದೆ, ಆದರೆ ಪ್ರತಿ ಸಲ ಮಾಡಿಸಬೇಡಿ. ಕಂಪ್ಯೂಟರ್‌ನಲ್ಲಿ ಒಮ್ಮೆ 256 ಮನೆಯ ಟೇಬಲ್ ಮಾಡಿ ಚಿಪ್‌ನ ಫ್ಲ್ಯಾಶ್‌ನಲ್ಲಿ ಇಡಿ, ಮನೆಗೆ ಎರಡು ಬೈಟ್‌ನಂತೆ 512 ಬೈಟ್. ಅಷ್ಟೂ ಜಾಗ ಇಲ್ಲ ಅಂದರೆ ಮಟ್ಟವನ್ನು ಅದರಿಂದಲೇ ಗುಣಿಸಿಬಿಡಿ, ವರ್ಗ. ಅರ್ಧಕ್ಕೆ ಶೇಕಡ 25 ಬರುತ್ತದೆ, 18ರಷ್ಟು ಸರಿ ಅಲ್ಲ, ಆದರೆ ಏನೂ ಮಾಡದೆ ಇರುವುದಕ್ಕಿಂತ ಎಷ್ಟೋ ವಾಸಿ.

ಉಸಿರಾಡುವ ಥರ ಏರಿ ಇಳಿಯಬೇಕು. ಸೈನ್ ಹಾಕಿದೆ, ಚೆನ್ನಾಗಿ ಕಾಣಲಿಲ್ಲ.

ಸೈನನ್ನು ನೇರ ಡ್ಯೂಟಿಗೆ ಕೊಟ್ಟಿದ್ದೀರಿ, ಅದಕ್ಕೇ ಮೇಲ್ಗಡೆ ತುಂಬಾ ಹೊತ್ತು ನಿಂತು ಕೆಳಗೆ ಚುಚ್ಚಿ ಬರುತ್ತದೆ. ಸೈನನ್ನು ಕಣ್ಣಿನ ಅಳತೆಗೆ ಕೊಡಿ, ಟೇಬಲ್ ದಾಟಿಸಿ ಡ್ಯೂಟಿಗೆ ಕಳಿಸಿ. ತುಂಬಾ ಜನ ಬಳಸುವ ಒಂದು ಅಡ್ಡದಾರಿಯೂ ಇದೆ: ‘ಇ’ ಅನ್ನುವ ಸಂಖ್ಯೆಯನ್ನು ಸೈನ್ ಘಾತಕ್ಕೆ ಏರಿಸಿ, 0.368 ಕಳೆದು, 108ರಿಂದ ಗುಣಿಸುವುದು. ಸೊನ್ನೆಯಿಂದ 254ರ ಹತ್ತಿರ ಬರುತ್ತದೆ. ಅದರಲ್ಲಿ ತಿದ್ದುಪಡಿ ಒಳಗೇ ಇದೆ, ಅದರ ಮೇಲೆ ಮತ್ತೆ ಟೇಬಲ್ ಹಾಕಬೇಡಿ. ನನ್ನ ಕಣ್ಣಿಗೆ ಹಿಡಿಸಿದ್ದು ಏರುವುದಕ್ಕಿಂತ ಇಳಿಯುವುದು ಸ್ವಲ್ಪ ನಿಧಾನ ಇರುವ ಉಸಿರು, ಕೆಳಗೆ ಪೂರ್ತಿ ಆರದೆ ಒಂಚೂರು ಉಳಿದಿರಬೇಕು.

ಬೆಳಗಿನ ಜಾವದ ಥರ ಅರ್ಧ ಗಂಟೆಯಲ್ಲಿ ಏರುವ ದೀಪ ಮಾಡುತ್ತಿದ್ದೇನೆ. 8 ಬಿಟ್ ಸಾಕಾ?

ಸಾಲದು. ಲೆಕ್ಕ ಹಾಕಿ ನೋಡೋಣ. 30 ನಿಮಿಷ, ಸಿಐಇ ಟೇಬಲ್, 8 ಬಿಟ್. ಮೊದಲ 32 ಸೆಕೆಂಡ್ ಏನೂ ಇಲ್ಲ. ಒಮ್ಮೆಲೇ 1ಕ್ಕೆ ಹೊತ್ತಿಕೊಳ್ಳುತ್ತದೆ, ಕತ್ತಲೆ ಕೋಣೆಯಲ್ಲಿ ಮಲಗಿದವರಿಗೆ ಅದು ಸ್ವಿಚ್ ಹಾಕಿದ ಹಾಗೇ. ಒಂದು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹಾಗೇ ನಿಲ್ಲುತ್ತದೆ. ಆಮೇಲೆ ಒಂದೇ ಏಟಿಗೆ ಎರಡು ಪಟ್ಟು. ಇದು ಬೆಳಗಾಗುವುದಲ್ಲ, ಯಾರೋ ಒಬ್ಬೊಬ್ಬರಾಗಿ ಬಂದು ದೀಪ ಹಚ್ಚಿ ಹೋದ ಹಾಗೆ. 16 ಬಿಟ್ ಇಟ್ಟರೆ ಇದೇ ಜಾಗದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸಣ್ಣ ಹೆಜ್ಜೆ ಸಿಗುತ್ತವೆ, ಮೊದಲ ಕೆಲವು ಸೆಕೆಂಡ್ ದಾಟಿದ ಮೇಲೆ ಹೆಜ್ಜೆ ಅನ್ನುವುದೇ ತಿಳಿಯುವುದಿಲ್ಲ. ಟೇಬಲ್ ಮಾತ್ರ 256 ಮನೆ ಸಾಲದು, ಎರಡು ಮನೆಗಳ ನಡುವೆ ಲೆಕ್ಕ ಹಾಕಿ ತುಂಬಿಸಿ, ಇಲ್ಲವೇ ನೇರ ಸೂತ್ರವನ್ನೇ ಓಡಿಸಿ. ಇಷ್ಟು ನಿಧಾನದ ಕೆಲಸಕ್ಕೆ ಯಾವ ಚಿಪ್ಪಿಗೂ ಅದು ಭಾರ ಅಲ್ಲ.

ತಿರುಗಿಸುವ ಗುಬುಟು ಇಟ್ಟರೆ?

ಲೀನಿಯರ್ ಪೊಟೆನ್ಶಿಯೊಮೀಟರ್ ಹಾಕಿ, ಓದಿದ ಅಂಕಿಯನ್ನು ಟೇಬಲ್ ದಾಟಿಸಿ. ಆಡಿಯೊಗೆ ಬಳಸುವ ಲಾಗ್ ಥರದ್ದು ಹಾಕಿದರೆ ತಿದ್ದುಪಡಿ ಎರಡು ಸಲ ಆಗುತ್ತದೆ.

ಕಟ್ಟಡದ ದೀಪಗಳಲ್ಲಿ ಬರುವ ಡಾಲಿ (ದೀಪಗಳನ್ನು ತಂತಿಯ ಮೂಲಕ ನಿಯಂತ್ರಿಸುವ ಪದ್ಧತಿ) ಕರ್ವ್ ಬೇರೆ ಥರ ಇದೆಯಲ್ಲ?

ಹೌದು, ಐಇಸಿ 62386 ಮಾನದಂಡದ್ದು. ಅದು ನೇರ ಗುಣಾಕಾರದ ಜಾತಿ. 1ನೇ ಮಟ್ಟಕ್ಕೆ ಶೇಕಡ 0.1, 254ನೇ ಮಟ್ಟಕ್ಕೆ ಶೇಕಡ 100, ನಡುವೆ ಪ್ರತಿ ಹೆಜ್ಜೆಗೂ ಸುಮಾರು ಶೇಕಡ 2.8 ಜಾಸ್ತಿ. ನಡುವಿನ 127ನೇ ಮಟ್ಟದಲ್ಲಿ ಬೆಳಕು ಬರೀ ಶೇಕಡ 3, ಅರ್ಧ ಬೆಳಕು ಬರುವುದು 229ರಲ್ಲಿ. ಸಿಐಇಗಿಂತ ತುಂಬಾ ಜೋರಾಗಿ ಬಾಗಿದ ಕರ್ವ್. ಇಡೀ ಕೋಣೆಯ ಬೆಳಕೇ ಇಳಿಯುವಾಗ ಕಣ್ಣೂ ಜೊತೆಗೇ ಹೊಂದಿಕೊಳ್ಳುತ್ತಾ ಹೋಗುತ್ತದೆ, ಅಲ್ಲಿ ಇದು ಒಪ್ಪುತ್ತದೆ. ಮೇಜಿನ ಮೇಲಿನ ಸಣ್ಣ ಸೂಚಕ ದೀಪಕ್ಕೆ ನಾನು ಹಾಕುವುದಿಲ್ಲ.

ಪಿಡಬ್ಲ್ಯೂಎಂ ವೇಗ ಎಷ್ಟಿರಬೇಕು?

ಊನೊದಲ್ಲಿ ಹೆಚ್ಚಿನ ಪಿನ್‌ಗಳಲ್ಲಿ 490 ಹರ್ಟ್ಸ್, 5 ಮತ್ತು 6ರಲ್ಲಿ 980. ದೀಪವನ್ನೇ ದಿಟ್ಟಿಸಿದರೆ ಎರಡೂ ಸ್ಥಿರ. ಆದರೆ ಕಣ್ಣು ಅತ್ತಿತ್ತ ಹೊರಳಿಸಿದಾಗ 490ರಲ್ಲಿ ಚುಕ್ಕಿ ಚುಕ್ಕಿಯ ಸಾಲು ಕಾಣಬಹುದು, ಮಂದ ಇದ್ದಷ್ಟೂ ಜಾಸ್ತಿ. ಐಟ್ರಿಪಲ್‌ಇ 1789 ಅನ್ನುವ 2015ರ ಶಿಫಾರಸಿನ ಪ್ರಕಾರ ಪೂರ್ತಿ ಆನ್ ಆಫ್ ಆಗುವ ಬೆಳಕಿಗೆ 1250 ಹರ್ಟ್ಸ್ ಮೇಲೆ ಅಪಾಯ ಕಡಿಮೆ, 3000 ದಾಟಿದರೆ ಪರಿಣಾಮವೇ ಇಲ್ಲದ ಮಟ್ಟ. 12 ಬಿಟ್‌ನಲ್ಲಿ ಸಿಗುವ 3900 ಇದಕ್ಕೆ ಸರಿಯಾಗಿ ಹೊಂದುತ್ತದೆ.

ಎಲ್ಲ ಮಾಡಿದೆ. ಆದರೂ ನನ್ನ ಕಣ್ಣಿಗೆ ಇನ್ನೂ ಸಮ ಅನ್ನಿಸುತ್ತಿಲ್ಲ.

ಮೊದಲು ಎಲ್‌ಇಡಿ ಹೇಗೆ ಕಾಣುತ್ತಿದೆ ನೋಡಿ. ಬರೀ ಚುಕ್ಕಿಯಾಗಿ ಕಾಣುವ ಎಲ್‌ಇಡಿಗೂ ಹಾಲುಬಣ್ಣದ ಮುಚ್ಚಳದ ಹಿಂದಿನ ಅಗಲ ಬೆಳಕಿಗೂ ಕಣ್ಣು ಬೇರೆ ಲೆಕ್ಕ ಇಡುತ್ತದೆ. 1957ರಲ್ಲಿ ಸ್ಟೀವನ್ಸ್ ಮಂಡಿಸಿದ ಘಾತ ನಿಯಮದಲ್ಲಿ ಕತ್ತಲಲ್ಲಿ ಅಗಲ ಬೆಳಕಿಗೆ ಘಾತ ಸುಮಾರು 0.33, ಚುಕ್ಕಿ ಬೆಳಕಿಗೆ 0.5. ಅಂದರೆ ಮುಚ್ಚಳದ ದೀಪಕ್ಕೆ ಗಾಮಾ 3ರ ಹತ್ತಿರ, ಚುಕ್ಕಿಗೆ 2ರ ಹತ್ತಿರ. ಬರಿಯ ಎಲ್‌ಇಡಿಗೆ ಸಿಐಇ ಸ್ವಲ್ಪ ಜಾಸ್ತಿ ಬಾಗಿದ ಹಾಗೆ ಅನ್ನಿಸಿದರೆ ಅದು ನಿಮ್ಮ ಭ್ರಮೆ ಅಲ್ಲ, ಅಲ್ಲಿ ವರ್ಗವೇ ಚೆನ್ನಾಗಿ ಕೂರುತ್ತದೆ.

ಆಮೇಲೆ ಕೋಣೆ. ಹಗಲು ಬೆಳಕಿನ ಕೋಣೆಯಲ್ಲಿ ಕೆಳಗಿನ ಮಟ್ಟಗಳು ಕಾಣುವುದೇ ಇಲ್ಲ, ಫೇಡ್ ತಡವಾಗಿ ಶುರುವಾದ ಹಾಗೆ ಅನ್ನಿಸುತ್ತದೆ. ಕತ್ತಲಲ್ಲಿ ಅರ್ಧ ಗಂಟೆ ಕೂತ ಕಣ್ಣಿಗೆ ಅದೇ ಮಟ್ಟ ಕಣ್ಣು ಕುಕ್ಕುತ್ತದೆ. ದೀಪ ಕೊನೆಗೆ ಎಲ್ಲಿ ಇರುತ್ತದೋ ಅಲ್ಲೇ, ಯಾವ ಹೊತ್ತಿನಲ್ಲಿ ಉರಿಯುತ್ತದೋ ಆ ಹೊತ್ತಿನಲ್ಲೇ ಇಟ್ಟು ನೋಡಿ. ಫೇಡ್ ಸೊನ್ನೆಯ ಬದಲು ಆ ಜಾಗದಲ್ಲಿ ಕಣ್ಣಿಗೆ ಬೀಳುವ ಮೊದಲ ಮಟ್ಟದಿಂದ ಶುರುವಾಗಲಿ. ನಾನು ಆ ಒಂದು ಅಂಕಿಯನ್ನು ಪ್ರೋಗ್ರಾಂನ ತಲೆಯಲ್ಲೇ ಬೇರೆ ಇಟ್ಟಿರುತ್ತೇನೆ, ರಾತ್ರಿ ದೀಪದ ಎದುರು ಕೂತು ಒಂದೊಂದೇ ಏರಿಸಿ, ಇಳಿಸಿ, ಕಣ್ಣು ಸರಿ ಅಂದ ಕಡೆ ಬಿಡುತ್ತೇನೆ.